ಶಸ್ತ್ರ ಒಲ್ಲೆನೆಂದ ಗುಪ್ತಚರ

ಹಿಂಸೆಯನ್ನು ಒಲ್ಲೆನೆಂದು ನ್ಯಾಯಮಂಡಳಿಯ ಮುಂದೆ ಸಾರಿದವರು ಎರಡೇ ವರ್ಷಗಳಲ್ಲಿ ಯುದ್ಧದ ಗುಪ್ತಕಾರ್ಯಕ್ಕೆ ಇಳಿದರೆ ಅವರನ್ನು ವ್ರತಭ್ರಷ್ಟರೆನ್ನಬೇಕೆ? ಫ್ರಾನ್ಸಿಸ್ ಕ್ಯಾಮಾರ್ಟ್ಸರ ಜೀವನವು ಎತ್ತುವ ಪ್ರಶ್ನೆ ಇದು.

ಬೆಲ್ಜಿಯಂ ಮೂಲದ ಕವಿಯೊಬ್ಬರ ಪುತ್ರರಾದ ಅವರು ಜನಿಸಿದ್ದು 1916ರಲ್ಲಿ, ಲಂಡನ್ನಿನಲ್ಲಿ. ವೃತ್ತಿಯಿಂದ ಶಿಕ್ಷಕರು. 1940ರಲ್ಲಿ ಆತ್ಮಸಾಕ್ಷಿಗೆ ಓಗೊಟ್ಟು ಸೈನ್ಯಸೇವೆಯನ್ನು ನಿರಾಕರಿಸಿ, ಹೊಲದಲ್ಲಿ ದುಡಿಯಲು ಒಪ್ಪಿದರು. ಮರುವರ್ಷ ವಾಯುಪಡೆಯಲ್ಲಿದ್ದ ಸಹೋದರ ಮಡಿದರು. ಅನ್ಯರು ಪ್ರಾಣ ತೆರುತ್ತಿರುವಾಗ ತಾನು ದೂರ ನಿಲ್ಲುವುದು ಧರ್ಮವೇ ಎಂಬ ಚಿಂತೆ ಅವರನ್ನು ಕಾಡಿತು. 1942ರಲ್ಲಿ ಅವರು ಬ್ರಿಟನ್ನಿನ ಗುಪ್ತ ಸಂಸ್ಥೆಯಾದ ಎಸ್.ಒ.ಇ.ಯನ್ನು ಸೇರಿದರು.

1943ರ ಮಾರ್ಚ್ ತಿಂಗಳ ಒಂದು ರಾತ್ರಿ ಪುಟ್ಟ ವಿಮಾನವೊಂದು ಅವರನ್ನು ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಇಳಿಸಿತು. ಅಲ್ಲಿನ ಸಹಚರರ ಅಜಾಗರೂಕತೆಯನ್ನು ಕಂಡು ಅವರು ಬೇಗನೆ ದೂರ ಸರಿದರು. ಏಪ್ರಿಲ್‌ನಲ್ಲಿ ಆ ಗುಂಪಿನ ಪೀಟರ್ ಚರ್ಚಿಲ್ ಮತ್ತು ಓಡೆಟ್ ಸೆರೆಯಾದರು.

ಅನಂತರ ಆಗ್ನೇಯ ಫ್ರಾನ್ಸಿನಲ್ಲಿ ಕ್ಯಾಮಾರ್ಟ್ಸರು ಕಟ್ಟಿದ 'ಜಾಕಿ' ಜಾಲವು ಸಂಯಮದ ಮೇಲೆ ನಿಂತಿತ್ತು. ಸಣ್ಣ ಸಣ್ಣ ತಂಡಗಳು; ಒಂದರ ಗುರುತು ಇನ್ನೊಂದಕ್ಕಿಲ್ಲ. ಒಂದೇ ಮನೆಯಲ್ಲಿ ಮೂರುನಾಲ್ಕು ರಾತ್ರಿಗಳಿಗಿಂತ ಹೆಚ್ಚು ತಂಗುವಂತಿಲ್ಲ. ತಾವು ಮುಂದೆ ಎಲ್ಲಿಗೆ ಹೋಗುವರೆಂಬುದನ್ನು ಯಾರಿಗೂ ತಿಳಿಸುವಂತಿಲ್ಲ. ಒಬ್ಬನ ಮಾತಿನ ಸಡಿಲಿಕೆ ಅನೇಕರ ಮರಣವಾಗುವುದೆಂಬ ಅರಿವೇ ಈ ನಿಯಮಗಳ ಮೂಲ.

ಆದರೂ ಅವರ ಕೈಗಳು ಹಿಂಸೆಯಿಂದ ಮುಕ್ತವಾಗಿದ್ದವೆನ್ನಲಾಗದು. ರೈಲುಹಳಿಗಳನ್ನು ಕೆಡಿಸುವುದು, ವಿಮಾನದಿಂದ ಇಳಿದ ಆಯುಧಗಳನ್ನು ಹಂಚುವುದು ಅವರ ಕಾರ್ಯದ ಭಾಗವೇ ಆಗಿತ್ತು. 1944ರ ಜುಲೈನಲ್ಲಿ ವೆರ್ಕೋರ್ ಪ್ರಸ್ಥಭೂಮಿಯ ದಂಗೆಯನ್ನು ಜರ್ಮನರು ಹತ್ತಿಕ್ಕಿದಾಗ ನೂರಾರು ಮಂದಿ ಹತರಾದರು. ಅವರಲ್ಲಿ ನಿರಾಯುಧರಾದ ಗ್ರಾಮಸ್ಥರೂ ಇದ್ದರು.

ಅದೇ ವರ್ಷ ಆಗಸ್ಟ್ 13ರಂದು ದೀನ್ಯ್ ಪಟ್ಟಣದ ಬಳಿ ಅವರು ಇಬ್ಬರು ಸಂಗಾತಿಗಳೊಡನೆ ಸಿಕ್ಕಿಬಿದ್ದರು. ತಮಗೆ ಪರಸ್ಪರ ಪರಿಚಯವಿಲ್ಲವೆಂದು ಹೇಳಿಕೊಂಡರೂ, ಮೂವರ ಬಳಿಯಿದ್ದ ನೋಟುಗಳ ಸಂಖ್ಯೆಗಳು ಒಂದೇ ಕ್ರಮದಲ್ಲಿದ್ದವು. ಅಷ್ಟು ಜಾಗರೂಕರಾದವರನ್ನೂ ಹಣವೇ ಹಿಡಿದುಕೊಟ್ಟಿತು!

ಬಿಡಿಸಿದ್ದೂ ಹಣವೇ, ಆದರೆ ಹಣವೊಂದೇ ಅಲ್ಲ. ಪೋಲೆಂಡಿನ ಮಹಿಳೆ, ಸಹಚಾರಿಣಿ ಕ್ರಿಸ್ಟೀನ್ ಗ್ರ್ಯಾನ್‌ವಿಲ್ ನೇರವಾಗಿ ಶತ್ರುವಿನ ಅಧಿಕಾರಿಗಳ ಬಳಿಗೇ ಹೋದರು. ಮಿತ್ರಸೈನ್ಯವು ಬಂದು ಲೆಕ್ಕ ಕೇಳುವ ದಿನ ದೂರವಿಲ್ಲವೆಂದು ಎಚ್ಚರಿಸಿ, 20 ಲಕ್ಷ ಫ್ರಾಂಕ್ ತರಿಸಿಕೊಟ್ಟರು. ಆಗಸ್ಟ್ 17ರಂದು ಮೂವರೂ ಸೆರೆಯಿಂದ ಹೊರಬಂದರು.

ಯುದ್ಧಾನಂತರ ಕ್ಯಾಮಾರ್ಟ್ಸರು ಶಿಕ್ಷಣಕ್ಷೇತ್ರಕ್ಕೆ ಮರಳಿ, ನೈರೋಬಿಯಲ್ಲಿಯೂ ಬೋಧಿಸಿ, 2006ರಲ್ಲಿ ನಿಧನರಾದರು. ತಮ್ಮ ಸಾಧನೆಯ ಶ್ರೇಯಸ್ಸನ್ನು ಅವರು ಸಲ್ಲಿಸುತ್ತಿದ್ದುದು ಫ್ರಾನ್ಸಿನ ಸಾಮಾನ್ಯ ಗೃಹಿಣಿಯರಿಗೆ.

ಅವರು ವ್ರತ ಮುರಿದದ್ದು ನಿಜ. ಆದರೆ ಪರರ ಪ್ರಾಣದ ಕಾಳಜಿಯನ್ನು ಬಿಡಲಿಲ್ಲವೆಂಬುದೂ ಅಷ್ಟೇ ನಿಜ. ರಾತ್ರಿ ಬಾಗಿಲು ತಟ್ಟಿದ ಅಪರಿಚಿತನಿಗೆ ಅನ್ನವಿಟ್ಟ ಆ ಗೃಹಿಣಿಯರು ಆಯುಧ ಹಿಡಿದವರಲ್ಲ. ಸಿಕ್ಕಿಬಿದ್ದರೆ ಮನೆಮಂದಿಗೆಲ್ಲ ವಿಪತ್ತೆಂದು ತಿಳಿದೇ ಅವರು ಬಾಗಿಲು ತೆರೆದರು.