ವಿಜಾಪುರದ ಒಲೆ, ಸ್ಪೇನಿನ ಬಟಾಟಿ

ಏಕಾದಶಿಯ ದಿನ ವಿಜಯಪುರದ ಯಾವುದಾದರೂ ಸಂಪ್ರದಾಯಸ್ಥರ ಅಡಿಗೆಮನೆಯಲ್ಲಿ ಇಣಿಕಿ ನೋಡಿರಿ. ರೊಟ್ಟಿ ಬಡಿಯುವ ಸಪ್ಪಳವಿರುವುದಿಲ್ಲ, ಧಾನ್ಯ ವರ್ಜ್ಯ. ಅದರ ಬದಲು ಕುದಿಸಿದ ಬಟಾಟಿ, ಹುರಿದ ಶೇಂಗಾ, ಮರಗೆಣಸಿನಿಂದ ಮಾಡಿದ ಸಾಬೂದಾಣಿ, ಮೇಲೆ ನಾಲ್ಕು ಹಸಿಮೆಣಸಿನಕಾಯಿ. ಮಡಿಯುಟ್ಟ ಹಿರಿಯರು ನಿಃಶಂಕೆಯಿಂದ ಸ್ವೀಕರಿಸುವ ಈ ನಾಲ್ಕರ ತವರೂ ಅಮೇರಿಕ ಖಂಡವೇ! ತಿಕೋಟಾ, ಬಬಲೇಶ್ವರದ ಎರೆಹೊಲದಲ್ಲಿ ಬೆಳೆದ ಜೋಳಕ್ಕೆ ಆ ದಿನ ಪ್ರವೇಶವಿಲ್ಲ. ಏಳು ಸಮುದ್ರದಾಚೆಯ ಗಡ್ಡೆಗೆ ಮಾತ್ರ ಮಣೆ.

ಇಂಥ ಮನೆಯಲ್ಲಿಯೇ ಮೊಮ್ಮಗಳು ‘ಪಟಾಟಾಸ್ ಬ್ರಾವಾಸ್’ ಎಂಬ ಸ್ಪೇನಿನ ಖಾರದ ತಿಂಡಿ ಮಾಡುತ್ತೇನೆಂದರೆ, “ಪರದೇಶದ್ದು ನಮಗ್ಯಾಕವ್ವಾ?” ಎಂಬ ಮಾತು ಬಂದೀತು. ಅಜ್ಜಿಗೆ ಉತ್ತರ ಹೇಳಬೇಕಾದರೆ ಇತಿಹಾಸವನ್ನು ಸ್ವಲ್ಪ ಕೆದಕಬೇಕು.

ಆಲೂಗಡ್ಡೆಯನ್ನು ಸಾವಿರಾರು ವರ್ಷಗಳ ಹಿಂದೆ ಪಳಗಿಸಿದವರು ದಕ್ಷಿಣ ಅಮೇರಿಕದ ಆಂಡಿಸ್ ಪರ್ವತದ ಜನ. ಅದನ್ನು ಅವರು ‘ಪಾಪಾ’ ಎನ್ನುತ್ತಿದ್ದರು. ಕೆರಿಬಿಯನ್ ದ್ವೀಪಗಳಲ್ಲಿ ‘ಬಟಾಟಾ’ ಎಂದರೆ ಸಿಹಿಗೆಣಸು. ಸ್ಪೇನಿನವರು ಇವೆರಡನ್ನೂ ಕಲಸಿ ‘ಪಟಾಟಾ’ ಎಂದರು. ಪೋರ್ತುಗೀಜರು ‘ಬಟಾಟಾ’ವನ್ನೇ ಉಳಿಸಿಕೊಂಡರು. ನಮ್ಮ ‘ಬಟಾಟಿ’ ಅವರದೇ ಬಳುವಳಿ. ಆದುದರಿಂದ ಹಳೆಯ ಪ್ರವಾಸಿಗರ ಬರಹದಲ್ಲಿ ಈ ಹೆಸರು ಕಂಡೊಡನೆ ಆಲೂಗಡ್ಡೆಯೆಂದು ಹಿಗ್ಗಬಾರದು, ಗೆಣಸೂ ಆಗಿರಬಹುದು. ಸೆವಿಲ್ಲೆಯ ಆಸ್ಪತ್ರೆಯೊಂದು ಬಟಾಟಿ ಕೊಂಡ ಲೆಕ್ಕ 1573ರದು.

ಸ್ಪೇನಿಗೂ ವಿಜಾಪುರಕ್ಕೂ ಏನು ಸಂಬಂಧ? ಆದಿಲಶಾಹಿಗಳ ಕೈಯಲ್ಲಿದ್ದ ಗೋವೆಯನ್ನು 1510ರಲ್ಲಿ ಅಲ್ಬುಕರ್ಕ್ ಕಸಿದುಕೊಂಡ. ಮುಂದೆ 1580ರಿಂದ 1640ರವರೆಗೆ ಸ್ಪೇನಿನ ಅರಸನೇ ಪೋರ್ತುಗಾಲಕ್ಕೂ ಅರಸ. ಇಮ್ಮಡಿ ಇಬ್ರಾಹಿಮ್ ಆದಿಲಶಹ ಆಳಿದ್ದು 1580ರಿಂದ 1627ರವರೆಗೆ. ಅಂದರೆ ಅವನ ಆಳಿಕೆಯುದ್ದಕ್ಕೂ ಗೋವೆಯ ದೊರೆತನ ಸ್ಪೇನಿನ ಗಾದಿಯದೇ!

ಆ ದಾರಿಯಿಂದ ಅಮೇರಿಕದ ಬೆಳೆಗಳು ಬಂದುದಕ್ಕೆ ಸಾಕ್ಷಿಯೂ ಉಂಟು. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ವಿಜಾಪುರದಲ್ಲಿ ತಂಬಾಕನ್ನು ಮೊದಲ ಸಲ ಕಂಡು, ಚಂದದ ಹುಕ್ಕಾದೊಡನೆ ಆಗ್ರೆಗೆ ಒಯ್ದ. ಬಾದಶಹನು ಒಂದೆರಡು ದಮ್ಮು ಎಳೆದುದೇ ತಡ, ಹಕೀಮನು ತಡೆದ; ಪರೀಕ್ಷಿಸದ ಫರಂಗಿಯವರ ಪದ್ಧತಿ ನಮಗೆ ಬೇಡವೆಂದು ಅವನ ವಾದ. ಅಜ್ಜಿಯ ಮಾತೂ ಇದೇ ಅಲ್ಲವೇ? ತಂಬಾಕಿನ ಮಟ್ಟಿಗೆ ಹಕೀಮನೇ ಗೆದ್ದಿದ್ದರೆ ಚೆನ್ನಾಗಿತ್ತು.

ಆದರೆ ಇಬ್ರಾಹಿಮನ ತಾಟಿನಲ್ಲಿ ಆಲೂಗಡ್ಡೆ ಇತ್ತೆಂದು ಹೇಳುವ ಸಾಹಸ ಸಲ್ಲದು. ಅದರ ಬೇಸಾಯ ನಮ್ಮ ದೇಶದಲ್ಲಿ ಹಬ್ಬಿದ್ದು ಹದಿನೆಂಟನೆಯ ಶತಮಾನದ ಕೊನೆಯಿಂದೀಚೆಗೆ, ಇಂಗ್ಲಿಷರ ಕಾಲದಲ್ಲಿ. ಮೆಣಸಿನಕಾಯಿ ಅದಕ್ಕಿಂತ ಬಹು ಮುಂಚೆಯೇ ಬಂದು ಕರಿಮೆಣಸನ್ನು ಮೂಲೆಗೊತ್ತಿತ್ತು.

ಇನ್ನು ಮಾಡುವ ಬಗೆ. ಅರ್ಧ ಕಿಲೋ ಬಟಾಟಿಯ ಸಿಪ್ಪೆ ತೆಗೆದು, ಅಡ್ಡಾದಿಡ್ಡಿ ದಪ್ಪ ಹೋಳು ಮಾಡಿ, ಉಪ್ಪುನೀರಿನಲ್ಲಿ ಏಳೆಂಟು ನಿಮಿಷ ಕುದಿಸಿರಿ. ನೀರು ಬಸಿದು ಅರಿವೆಯ ಮೇಲೆ ಚೆನ್ನಾಗಿ ಆರಿಸಬೇಕು; ಹಸಿ ಉಳಿದರೆ ಎಣ್ಣೆ ಸಿಡಿಯುತ್ತದೆ, ಹೋಳು ಗರಿಯಾಗುವುದಿಲ್ಲ. ಅಲ್ಲಿ ಆಲಿವ್ ಎಣ್ಣೆ, ಇಲ್ಲಿ ಕುಸುಬಿ ಎಣ್ಣೆ. ಹೊಂಬಣ್ಣಕ್ಕೆ ಕರಿದು ತೆಗೆಯಿರಿ. ಬೇರೆ ಪಾತ್ರೆಯಲ್ಲಿ ಹೆಚ್ಚಿದ ಉಳ್ಳಾಗಡ್ಡಿ, ಎರಡು ಎಸಳು ಬಳ್ಳೊಳ್ಳಿ ಬಾಡಿಸಿ, ಒಂದು ಚಮಚ ಗೋದಿಹಿಟ್ಟು ಹಾಕಿ ಹುರಿದು, ಉರಿ ಸಣ್ಣದು ಮಾಡಿ, ಎರಡು ಚಮಚ ಬ್ಯಾಡಗಿ ಖಾರಪುಡಿ ಕೂಡಿಸಿರಿ. ಸ್ಪೇನಿನವರ ‘ಪಿಮೆಂಟೋನ್’ ಪುಡಿಯಂತೆ ಬ್ಯಾಡಗಿಯದೂ ಬಣ್ಣ ಹೆಚ್ಚು, ಉರಿ ಕಡಿಮೆ. ಪುಡಿ ಸೀದರೆ ಕಹಿಯಾಗುತ್ತದೆ, ಎಚ್ಚರ. ಕೂಡಲೇ ಒಂದು ಬಟ್ಟಲು ಬಿಸಿನೀರು, ಉಪ್ಪು ಸೇರಿಸಿ ಗಟ್ಟಿಯಾಗುವವರೆಗೆ ಕುದಿಸಿ, ಇಳಿಸಿದ ಮೇಲೆ ಲಿಂಬಿಹಣ್ಣು ಹಿಂಡಿರಿ. ಟೊಮಾಟೊ ಹಾಕುವವರೂ ಇದ್ದಾರೆ. ಮ್ಯಾಡ್ರಿಡ್ಡಿನ ಹಳೆಯ ರುಚಿ ಬಲ್ಲವರು ಮೂಗು ಮುರಿಯುತ್ತಾರೆ.

ಬಡಿಸುವ ಹೊತ್ತಿಗೇ ಹೋಳುಗಳ ಮೇಲೆ ಸುರಿಯಬೇಕು, ಮುಂಚೆ ಸುರಿದರೆ ಮೆತ್ತಗಾಗುತ್ತವೆ. ಅಜ್ಜಿಯ ಏಕಾದಶಿಗಾದರೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋದಿಹಿಟ್ಟು ಬಿಟ್ಟು, ಹುರಿದ ಶೇಂಗಾದ ಪುಡಿಯಿಂದ ಗಟ್ಟಿ ಮಾಡಬಹುದು. ಕರಿಯಲು ಶೇಂಗಾ ಎಣ್ಣೆ ಇರಲಿ.