ಸೀದಿ ಸೈಯದನ ಜಾಲಂಧ್ರ

ಅಹಮದಾಬಾದಿನ ಲಾಲ್ ದರವಾಜಾದ ಬಳಿಯಿರುವ ಸೀದಿ ಸೈಯದ್ ಮಸೀದಿಯ ಜಾಲಂಧ್ರ ಜಗತ್ಪ್ರಸಿದ್ಧ. ಮರವೊಂದರ ಕೊಂಬೆಗಳು ಬಳ್ಳಿಯಂತೆ ಹೆಣೆದುಕೊಂಡಿವೆ. ಕಲ್ಲೆಂದು ನಂಬುವುದೇ ಕಷ್ಟ. 1411ರಲ್ಲಿ ಅಹಮದ್ ಷಾ ಸ್ಥಾಪಿಸಿದ ಈ ನಗರ ಅಕ್ಬರನ ವಶವಾದ ಕಾಲದಲ್ಲಿ, ಅಂದರೆ 1572-73ರಲ್ಲಿ, ಇದನ್ನು ಕಟ್ಟಿಸಿದವನು ಆಫ್ರಿಕಾ ಮೂಲದ ಹಬಷಿ ಸರದಾರ.

'ಸೀದಿ' ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ನಮ್ಮ ಯಲ್ಲಾಪುರ, ಹಳಿಯಾಳಗಳ ಸಿದ್ದಿ ಜನರೂ ಆಫ್ರಿಕಾದಿಂದ ಬಂದವರ ಸಂತತಿಯೇ. ಅವರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ.

ಕಡಲು ದಾಟಿ ಬಂದ ಒಬ್ಬನ ಹೆಸರು ಕಲ್ಲಿನಲ್ಲಿ ಉಳಿಯಿತು. ಕಾಡು ಸೇರಿದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ನೆಂಟರಿಗೆ ಊರು ತೋರಿಸುವಾಗ ಈ ಮಾತನ್ನೂ ಹೇಳಿದರೆ ಒಳ್ಳೆಯದು.