ಬುಟ್ಟಿಯೂ ಪಾಟಿಚೀಲವೂ



ಅಳ್ನಾವರದಿಂದ ದಾಂಡೇಲಿಗೆ ಬರುವ ರೈಲುಹಳಿ ಇಂದು ಅಂಬೇವಾಡಿಯಲ್ಲಿ ಕೊನೆಗೊಳ್ಳುತ್ತದೆ. ಬ್ರಿಟಿಷರ ಆಳ್ವಿಕೆಯಲ್ಲಿ ಈ ಮಾರ್ಗ ಹುಟ್ಟಿದ್ದು ಮುಖ್ಯವಾಗಿ ಕಾಡಿನ ಮರವನ್ನು ಸಾಗಿಸುವುದಕ್ಕೆ. ಕಾಡು ಹೊರಗಿನವರ ಸಂಪತ್ತಾದಾಗ ಅದರ ಮಡಿಲಲ್ಲಿದ್ದ ಕುಟುಂಬಗಳ ಅನ್ನದ ದಾರಿಯೂ ಬದಲಾಯಿತು. ರಸ್ತೆಬದಿಯಲ್ಲಿ ಬುಟ್ಟಿ ಹಿಡಿದು ನಿಲ್ಲುವ ಶಾಲಾ ಬಾಲಕಿಯನ್ನು ಅರಿಯಲು ಈ ಇತಿಹಾಸವನ್ನು ಅರಿಯಬೇಕು.

1955ರಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಅದು ಸಾವಿರಾರು ಮನೆಗಳಲ್ಲಿ ಒಲೆ ಹೊತ್ತಿಸಿತೆಂಬುದು ನಿಜ. ಆದರೆ 1950ರ ದಶಕದ ಕೊನೆಗೆ ಕಾರ್ಖಾನೆಗೆ ಬಿದಿರು ಟನ್ನಿಗೆ ಕೇವಲ 1 ರೂಪಾಯಿ 50 ಪೈಸೆಗೆ ದೊರೆಯುತ್ತಿತ್ತೆಂದೂ, ಬುಟ್ಟಿ ಹೆಣೆಯುವವರು ಅದನ್ನೇ ಪೇಟೆಯಲ್ಲಿ ಅನೇಕ ಪಟ್ಟು ಬೆಲೆಗೆ ಕೊಳ್ಳಬೇಕಾಗಿತ್ತೆಂದೂ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ತಂದೆ ಬಿದಿರು ಸೀಳಿ, ತಾಯಿ ಹೆಣೆದು, ಮಗಳು ಸಂತೆಗೆ ಹೊರುವ ಕಸುಬು ಹೀಗೆ ಸೊರಗಿತು. ಮುಂದೆ ಊರಿನ ಪ್ಲೈವುಡ್ ಮತ್ತು ಫೆರೋ ಅಲಾಯ್ ಕಾರ್ಖಾನೆಗಳೂ ಬಾಗಿಲು ಮುಚ್ಚಿದವು. ತಂದೆಯ ಸಂಬಳ ನಿಂತ ಮನೆಯಲ್ಲಿ ತಾಯಿ ತರಕಾರಿ, ಹೂವು, ಕವಳಿ ಹಣ್ಣು ಮಾರಲು ಹೊರಡುತ್ತಾಳೆ. ಅವಳ ಜೊತೆಗೆ ಮೊದಲು ಹೊರಡುವವಳು ಮಗಳೇ, ಮಗನಲ್ಲ.

ತಾಯಿಗೆ ನೆರವಾಗುವುದು ತಪ್ಪೇ? ಖಂಡಿತ ಅಲ್ಲ. ನಜರೇತಿನಲ್ಲಿ ಪ್ರಭು ಯೇಸು ಬಡಗಿಯ ಮನೆಯಲ್ಲೇ ಬೆಳೆದರು. ಜ್ಞಾನೋಕ್ತಿಗಳ ಗ್ರಂಥದ ಕೊನೆಯ ಅಧ್ಯಾಯವು ನೇಯ್ದು ಮಾರುವ ಗೃಹಿಣಿಯನ್ನು ಹೊಗಳುತ್ತದೆ. ಆದರೆ ದುಡಿಮೆಗೂ ಒಂದು ಮಿತಿಯುಂಟು. ದೇಹ, ಮನಸ್ಸುಗಳು ಬಲಿಯುವ ಮುನ್ನ ಮಕ್ಕಳನ್ನು ಕಾರ್ಖಾನೆಗೆ ದೂಡಬಾರದೆಂದು ಜಗದ್ಗುರು 13ನೆಯ ಲಿಯೋರವರು 1891ರ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಎಚ್ಚರಿಸಿದರು. 2016ರಲ್ಲಿ ತಿದ್ದುಪಡಿಯಾದ ನಮ್ಮ ಬಾಲಕಾರ್ಮಿಕ ಕಾಯಿದೆಯೂ 14 ವರ್ಷದೊಳಗಿನ ಮಕ್ಕಳು ಅಪಾಯವಿಲ್ಲದ ಮನೆತನದ ಕಸುಬಿನಲ್ಲಿ, ಶಾಲೆಯ ಸಮಯ ಮುಗಿದ ಮೇಲೆ ಅಥವಾ ರಜೆಯಲ್ಲಿ ಮಾತ್ರ ನೆರವಾಗಬಹುದೆನ್ನುತ್ತದೆ.

ಸಂಕಟ ಬರುವುದು 14 ತುಂಬಿದಾಗ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14ರವರೆಗೆ ಮಾತ್ರ ಮಗುವಿನ ಕೈ ಹಿಡಿಯುತ್ತದೆ. ಅದೇ ವಯಸ್ಸಿಗೆ ಬಾಲಕಿ ಲೆಕ್ಕ ಬಲ್ಲವಳು, ಗಿರಾಕಿಯ ಮನವೊಲಿಸಬಲ್ಲವಳು, ಬುಟ್ಟಿಯನ್ನು ಒಬ್ಬಳೇ ಹೊರಬಲ್ಲವಳು ಆಗಿರುತ್ತಾಳೆ. ಕಾನೂನು ಕೈಬಿಡುವ ಹೊತ್ತಿಗೇ ಬಡತನ ಅವಳ ಕೈ ಹಿಡಿಯುತ್ತದೆ. ಮೊದಲು ಸಂತೆಯ ದಿನವಷ್ಟೇ ತಪ್ಪುತ್ತಿದ್ದ ಶಾಲೆ, ಕ್ರಮೇಣ ಪೂರ್ತಿಯಾಗಿ ತಪ್ಪುತ್ತದೆ.

ಇಲ್ಲಿಯೇ ಧರ್ಮಕೇಂದ್ರದ ಕುಟುಂಬಗಳ ಕರ್ತವ್ಯವಿದೆ. ಭಾನುವಾರ ಬಲಿಪೂಜೆ ಮುಗಿಸಿ ಬರುವಾಗ ಅವಳ ಬಳಿ ಕೊಂಡುಕೊಳ್ಳಿ. ಎರಡು ರೂಪಾಯಿಗಾಗಿ ಚೌಕಾಸಿ ಮಾಡಬೇಡಿ. ಯಾವ ತರಗತಿಯೆಂದು ಕೇಳಿ. ಎಂಟನೆಯದು ಮುಗಿಸಿದ್ದರೆ, ಒಂಬತ್ತಕ್ಕೆ ಹೆಸರು ಹಚ್ಚಿದ್ದಾಳೆಯೇ ಎಂದು ತಾಯಿಯನ್ನು ವಿಚಾರಿಸಿ. ಪುಸ್ತಕಕ್ಕೋ ಬಸ್ಸಿನ ಖರ್ಚಿಗೋ ಕೊರತೆಯಿದ್ದರೆ ನಾಲ್ಕು ಮನೆಗಳು ಸೇರಿದರೆ ಸಾಕು. ಬುಟ್ಟಿಯ ಗಳಿಕೆ ಪಾಟಿಚೀಲವನ್ನು ತುಂಬಲಿ. ಬುಟ್ಟಿಗಾಗಿ ಪಾಟಿಚೀಲ ಮೊಳೆಗೆ ತೂಗುಬೀಳದಿರಲಿ.